ಕಾರಿನ ಎಸಿ ಗಾಳಿ ಬರ್ತಿಲ್ವಾ? ಹೊಸ ಬ್ಲೋವರ್ ಮೋಟರ್ ತಗೊಳ್ಳೋ ಮೊದ್ಲು ಪ್ಲಗ್ ಹಾಕಿಟ್ಟೇ ವೋಲ್ಟೇಜ್ ನೋಡಿ

ಮೊನ್ನೆ ಮೊನ್ನೆ ತನಕ ನಮ್ಮನೆ ಅಟ್ಟದ ಮೇಲೆ ಒಂದು ಕಾರಿನ ಬ್ಲೋವರ್ ಮೋಟರ್, ಅಂದ್ರೆ ಎಸಿ ಗಾಳಿ ಊದೋ ಮೋಟರ್, ಬಿದ್ದಿತ್ತು, ಅದಕ್ಕೆ ಏನೂ ಆಗಿರ್ಲಿಲ್ಲ. ಚೆನ್ನಾಗಿರೋ ಮೋಟರ್ ಬಿಚ್ಚಿ ಅಟ್ಟಕ್ಕೆ ಎಸೆದು, ಹೊಸದಕ್ಕೆ ಎರಡೂವರೆ ಸಾವಿರ ಕೊಟ್ಟು, ಮೂರೇ ವಾರದಲ್ಲಿ ಮತ್ತೆ ಗಾಳಿ ಕಮ್ಮಿ ಆಗಿ, ಆಮೇಲೆ ಸಿಟ್ಟಲ್ಲಿ ನಾನೇ ಮೀಟರ್ ಹಿಡ್ಕೊಂಡು ಕೂತು ಹುಡುಕಿದಾಗ ಸಿಕ್ಕಿದ್ದು ಒಂದು ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟು, ಕರೆಂಟ್ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗ್ಲಿ ಅಂತ ವಯರನ್ನ ಕಾರಿನ ತಗಡಿಗೆ ಕೂಡಿಸೋ ಬೋಲ್ಟು. ಅದನ್ನ ಸರಿ ಮಾಡ್ಲಿಕ್ಕೆ ಬೇಕಾಗಿದ್ದು ಒಂದು ತುಂಡು ಸ್ಯಾಂಡ್ ಪೇಪರ್. ಅವತ್ತಿಂದ ಯಾರಾದ್ರೂ ಬ್ಲೋವರ್ ಹೋಯ್ತು ಅಂದ್ರೆ ನಾನು ಮೊದ್ಲು ಕೇಳೋದು ಒಂದೇ, ಮೋಟರಿಗೆ ವಯರ್ ಸಿಕ್ಕಿಸೋ ಪ್ಲಗ್ ತೆಗೆದು ವೋಲ್ಟೇಜ್ ನೋಡಿದ್ರಾ ಹಾಕಿಟ್ಟು ನೋಡಿದ್ರಾ ಅಂತ. ಅದೆಂತಕ್ಕೆ ಅಂತ ಮುಂದೆ ಹೇಳ್ತೇನೆ.

ನಮ್ದು ಕಾರವಾರದಲ್ಲಿ ಕೋಡಿಬಾಗ ಕಡೆ, ಕಾಳಿ ನದಿ ಸಮುದ್ರ ಸೇರೋ ಜಾಗದ ಹತ್ರಾನೇ. ಇಲ್ಲಿ ಗೇಟಿನ ಕೀಲು, ಸೈಕಲ್ ಚೈನು, ಕಿಟಕಿ ಸರಳು ಯಾವುದೂ ಉಪ್ಪುಗಾಳಿಗೆ ಉಳಿಯೋದಿಲ್ಲ, ಇನ್ನು ಕಾರಿನ ಒಳಗಿನ ತಾಮ್ರದ ಪಿನ್ನು ಉಳಿತದಾ. ಘಟ್ಟದ ಮೇಲೆ ಶಿರಸಿ ಕಡೆ ಇರೋರಿಗೆ ಈ ಉಪ್ಪಿನ ಕಾಟ ಇಲ್ಲ, ಆದ್ರೆ ಅವ್ರಿಗೆ ಎಲೆ, ಇಲಿ, ಮಳೆಗಾಲದ ತೇವ. ಅದ್ರದ್ದೂ ಒಂದು ಕತೆ ಇದೆ, ನಮ್ಮ ಭಾವನ ಕಾರಿಂದು.

ಮೊದ್ಲು ಇದು ಕೆಲ್ಸ ಮಾಡೋದು ಹೇಗೆ ಅಂತ ಚೂರು ನೋಡ್ಕೊಳ್ಳಿ, ಇಲ್ದಿದ್ರೆ ಮೀಟರ್ ತೋರಿಸೋ ನಂಬರಿಗೆ ಅರ್ಥ ಇರೋದಿಲ್ಲ. ಬ್ಲೋವರ್ ಅಂದ್ರೆ ಒಂದು 12 ವೋಲ್ಟಿನ ಡಿಸಿ ಮೋಟರ್, ಅದರ ತುದಿಗೆ ಅಳಿಲಿನ ಪಂಜರದ ಥರ ಒಂದು ಪ್ಲಾಸ್ಟಿಕ್ ಚಕ್ರ. ನಮ್ಮ ದೇಶದ ಹೆಚ್ಚಿನ ಕಾರಲ್ಲಿ ಇದು ಎಡಗಡೆ ಸೀಟಿನೋರ ಕಾಲ ಹತ್ರ, ಗ್ಲೋವ್ ಬಾಕ್ಸಿನ ಕೆಳಗೋ ಹಿಂದೋ ಇರ್ತದೆ. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿಂದ ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್ ಆಫ್ ಮಾಡೋ ಸ್ವಿಚ್ಚು), ಅಲ್ಲಿಂದ ಮೋಟರು, ಮೋಟರಿನ ಇನ್ನೊಂದು ವಯರು ರೆಸಿಸ್ಟರಿಗೆ (ಕರೆಂಟಿಗೆ ಅಡ್ಡಿ ಕೊಟ್ಟು ಸ್ಪೀಡ್ ಇಳಿಸೋ ಸುರುಳಿಗಳು), ಅಲ್ಲಿಂದ ಸ್ಪೀಡ್ ಸ್ವಿಚ್ಚು, ಕೊನೆಗೆ ಕಾರಿನ ತಗಡು ಬಾಡಿಗೆ ಅರ್ಥಿಂಗು, ಗುಂಡಿ ತಿರುಗಿಸೋ ಮಾಮೂಲಿ ಎಸಿ ಇರೋ ಸುಮಾರು ಕಾರಲ್ಲಿ ದಾರಿ ಹೀಗೆ. ಸ್ಪೀಡ್ 1, 2, 3ರಲ್ಲಿ ಕರೆಂಟು ರೆಸಿಸ್ಟರ್ ಮೂಲಕ ಸುತ್ತಿ ಹೋಗ್ತದೆ, 4ರಲ್ಲಿ ರೆಸಿಸ್ಟರ್ ಬಿಟ್ಟು ಸೀದಾ. ಆಟೋ ಕ್ಲೈಮೇಟ್ (ಬಿಸಿ ತಂಪು ತಾನೇ ನೋಡ್ಕೊಳ್ಳೋ ಎಸಿ) ಇರೋ ಕಾರಲ್ಲಿ ರೆಸಿಸ್ಟರ್ ಜಾಗದಲ್ಲಿ ಒಂದು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರ್ತದೆ, ಎಷ್ಟು ಗಾಳಿ ಬೇಕು ಅಂತ ಕಂಟ್ರೋಲ್ ಪ್ಯಾನೆಲ್ ಅದಕ್ಕೆ ಸಿಗ್ನಲ್ ಕೊಡ್ತದೆ, ಅಷ್ಟೇ ವ್ಯತ್ಯಾಸ.

ಬಿಚ್ಚೋ ಮೊದ್ಲು ಲಕ್ಷಣ ನೋಡಿ

ಅರ್ಧ ಕೆಲ್ಸ ಇಲ್ಲೇ ಮುಗಿತದೆ. 1, 2, 3ರಲ್ಲಿ ಗಾಳಿ ಇಲ್ಲ, 4ಕ್ಕೆ ಹಾಕಿದ ಕೂಡ್ಲೆ ಗುಯ್ ಅಂತ ಬರ್ತದೆ ಅಂದ್ರೆ ಮೋಟರ್ ಸರಿ ಇದೆ, ರೆಸಿಸ್ಟರ್ ಹೋಗಿದೆ, ಇದ್ರಲ್ಲಿ ಹೆಚ್ಚು ತಲೆ ಕೆಡಿಸ್ಕೊಳ್ಳೋದು ಬೇಡ. ನಡುವಿನ ಒಂದು ಸ್ಪೀಡ್ ಮಾತ್ರ ಇಲ್ಲ ಅಂದ್ರೆ ರೆಸಿಸ್ಟರಿನ ಒಂದು ಸುರುಳಿ ಅಥ್ವಾ ಸ್ವಿಚ್ಚಿನ ಒಂದು ಕಾಂಟ್ಯಾಕ್ಟ್. ಯಾವ ಸ್ಪೀಡಲ್ಲೂ ಏನೂ ಇಲ್ಲ ಅಂದ್ರೆ ಫ್ಯೂಸ್, ರಿಲೇ, ಪ್ಲಗ್, ಅರ್ಥಿಂಗ್, ಮೋಟರ್ ಎಲ್ಲಾ ನೋಡ್ಬೇಕು. ರಸ್ತೆ ಗುಂಡಿಯಲ್ಲಿ ಡ್ಯಾಶ್‌ಬೋರ್ಡಿಗೆ ಒಂದು ಗುದ್ದು ಬಿದ್ದಾಗ ಶುರುವಾಗಿ ಮತ್ತೆ ನಿಲ್ತದೆ ಅಂದ್ರೆ ಮೋಟರಿನ ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ಕಾರ್ಬನ್ ಬ್ರಷ್ ಸವೆದಿರ್ಬಹುದು, ಅಥ್ವಾ ಪ್ಲಗ್ ಲೂಸ್. ಕೀ ತೆಗೆದ್ರೂ ತಿರುಗ್ತಾನೇ ಇದೆ ಅಂದ್ರೆ ರಿಲೇ ಅಂಟ್ಕೊಂಡಿದೆ, ಆಟೋ ಕ್ಲೈಮೇಟಲ್ಲಿ ಆಫ್ ಒತ್ತಿದ್ರೂ ತಿರುಗ್ತಾ ಇದ್ರೆ ಮಾಡ್ಯೂಲ್ ಒಳಗೆ ಶಾರ್ಟ್ ಆಗಿರ್ಬಹುದು.

ಇನ್ನೊಂದು ಲಕ್ಷಣ ಇದೆ, ಇದ್ರಲ್ಲೇ ಜನ ಹೆಚ್ಚು ಮೋಸ ಹೋಗೋದು. ಸದ್ದು ಜೋರಾಗಿ ಬರ್ತದೆ, ಗಾಳಿ ಮಾತ್ರ ಬರೋದಿಲ್ಲ. ಇಲ್ಲಿ ಹೆಚ್ಚಾಗಿ ಮೋಟರಿನ ತಪ್ಪು ಇರೋದಿಲ್ಲ. ಒಳಗೆ ಬರೋ ಗಾಳಿ ಸೋಸೋ ಕ್ಯಾಬಿನ್ ಫಿಲ್ಟರ್ ಕಟ್ಟಿದೆ, ಇಲ್ಲಾ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟಿದೆ, ಇಲ್ಲಾ ಗಾಳಿ ತಿರುಗಿಸೋ ಫ್ಲಾಪ್ ಎಲ್ಲೋ ಸಿಕ್ಕಿ ಹಾಕ್ಕೊಂಡಿದೆ. ಈ ಜಾತಿ ಫ್ಯಾನಿಗೆ ಗಾಳಿ ಒಳಗೆ ಬರೋ ದಾರಿ ಮುಚ್ಚಿದ್ರೆ ಭಾರ ಕಮ್ಮಿ ಆಗಿ ಇನ್ನೂ ಜೋರಾಗಿ ತಿರುಗ್ತದೆ, ವ್ಯಾಕ್ಯೂಮ್ ಕ್ಲೀನರ್ ಪೈಪಿನ ಬಾಯಿಗೆ ಕೈ ಇಟ್ರೆ ಸದ್ದು ಏರ್ತದಲ್ಲ ಅದೇ ಥರ. ಫಿಲ್ಟರ್ ಹೊರಗೆ ತೆಗೆದಿಟ್ಟು ಒಮ್ಮೆ ಹಾಕಿ ನೋಡಿ, ಗಾಳಿ ಬಂತಾ, ಮುಗೀತು, ಹೊಸ ಫಿಲ್ಟರ್ ಹಾಕಿ ಮನೆಗೆ ಹೋಗಿ.

ಹಾಗೇ, ಬ್ಲೋವರ್ ನಿಂತ್ರೆ ಎಸಿ ತಂಪೂ ಬರೋದಿಲ್ಲ ಅನ್ನೋದು ನೆನಪಿರ್ಲಿ. ಗಾಳಿ ಬರ್ದೇ ಇದ್ದಾಗ ಯಾರಾದ್ರೂ ಗ್ಯಾಸ್ ಖಾಲಿ ಆಗಿದೆ ತುಂಬಿಸ್ಬೇಕು ಅಂದ್ರೆ ಒಂದು ಚಾ ಕುಡಿದು ಸುಮ್ನೆ ಎದ್ದು ಬನ್ನಿ. ಗ್ಯಾಸ್ ಕಮ್ಮಿ ಆದ್ರೆ ಗಾಳಿ ಬಿಸಿ ಬರ್ತದೆ, ಗಾಳಿಯೇ ನಿಲ್ಲೋದಿಲ್ಲ.

ಕೈಗೆ ಬೇಕಾದದ್ದು, ಮತ್ತೆ ಮುಟ್ಟಬಾರದ್ದು

ಒಂದು ಮಾಮೂಲಿ ಡಿಜಿಟಲ್ ಮಲ್ಟಿಮೀಟರ್, ಸ್ಟಾರ್ ಸ್ಕ್ರೂಡ್ರೈವರ್, 10ರ ಸ್ಪ್ಯಾನರ್, ಟಾರ್ಚು, ಹೊಲಿಗೆ ಸೂಜಿ ಎರಡು, ಮಧ್ಯದಲ್ಲಿ ಫ್ಯೂಸ್ ಹಾಕಿದ ಎರಡು ಉದ್ದ ವಯರು, ಮತ್ತೆ ಒಂದು ಹಳೇ ಹೆಡ್‌ಲೈಟ್ ಬಲ್ಬು. ಬಲ್ಬ್ ಎಂತಕ್ಕೆ ಅಂತ ಆಮೇಲೆ ಹೇಳ್ತೇನೆ, ಒಂದು ಫಿಲಮೆಂಟ್ ಸುಟ್ಟಿದ್ರೂ ಅಡ್ಡಿಯಿಲ್ಲ, ಇನ್ನೊಂದು ಉರಿದ್ರೆ ಸಾಕು.

ಗ್ಲೋವ್ ಬಾಕ್ಸ್ ಹಿಂದೆ ಹಳದಿ ಪ್ಲಗ್ಗು ಹಳದಿ ವಯರು ಕಂಡ್ರೆ ಅದು ಏರ್‌ಬ್ಯಾಗಿಂದು, ಮೀಟರ್ ಬೇಡ ಬಲ್ಬ್ ಬೇಡ ಬೆರಳೂ ಬೇಡ. ಮುಚ್ಚಿದ ಶೆಡ್ಡಲ್ಲಿ ಎಂಜಿನ್ ಓಡಿಸ್ತಾ ಕೂರ್ಬೇಡಿ, ಹೊಗೆ ಕೊಲ್ತದೆ. ಎಂಜಿನ್ ಬಂದ್ ಮಾಡಿ ಬರೀ ಕೀ ಆನ್ ಮಾಡಿ ಟೆಸ್ಟ್ ಮಾಡ್ಬಹುದು, ಆದ್ರೆ ಬ್ಲೋವರ್ ಫುಲ್ ಇಟ್ಟು ಅರ್ಧ ಗಂಟೆ ಬಿಟ್ರೆ ಬ್ಯಾಟರಿ ಇಳಿದು ತಳ್ಳೋ ಕೆಲ್ಸ ಬರ್ಬಹುದು. ತಿರುಗೋ ಚಕ್ರದ ಹತ್ರ ಕೈ ಹೋಗ್ಬಾರ್ದು ಅಂತ ದೊಡ್ಡೋರಿಗೆ ಹೇಳೋದು ಬೇಡ, ಆದ್ರೂ ಹೇಳ್ದೆ, ನನ್ನ ಉಗುರು ಒಮ್ಮೆ ಹೋಗಿದೆ.

ಫ್ಯೂಸು, ರಿಲೇ

ಇದು ಬೇಗ ಮುಗಿಯೋ ಭಾಗ. ಬ್ಲೋವರಿಗೆ ಸುಮಾರು ಕಾರಲ್ಲಿ 30 ಆಂಪಿಯರ್ ಫ್ಯೂಸ್ ಇರ್ತದೆ, ಹಸಿರು ಬಣ್ಣದ್ದು. ಡಬ್ಬಿ ಮುಚ್ಚಳದ ಹಿಂದೆ ಯಾವುದು ಯಾವುದಕ್ಕೆ ಅಂತ ಚಿತ್ರ ಇರ್ತದೆ. ಫ್ಯೂಸ್ ಕೀಳೋದೂ ಬೇಡ, ಕೀ ಆನ್ ಮಾಡಿ ಬ್ಲೋವರ್ ಹಾಕಿ ಫ್ಯೂಸಿನ ಬೆನ್ನ ಮೇಲಿನ ಎರಡು ಸಣ್ಣ ಚುಕ್ಕಿಗೆ ಒಂದೊಂದಾಗಿ ಮೀಟರ್ ಇಡಿ, ಎರಡರಲ್ಲೂ 12 ಹತ್ರ ಬಂದ್ರೆ ಫ್ಯೂಸ್ ಚೆಂದ ಇದೆ, ಒಂದರಲ್ಲಿ ಬಂದು ಇನ್ನೊಂದರಲ್ಲಿ ಇಲ್ಲ ಅಂದ್ರೆ ಸುಟ್ಟಿದೆ. ಹೊಸದು ಹಾಕಿದ್ದೂ ಸುಟ್ರೆ ದಯವಿಟ್ಟು 40ರದ್ದು ಹಾಕ್ಬೇಡಿ, ಬೆಳ್ಳಿ ಕಾಗದ ಸುತ್ತೋದಂತೂ ಬೇಡವೇ ಬೇಡ. ಮೋಟರ್ ಸಿಕ್ಕಿ ಹಾಕ್ಕೊಂಡು ತಿರುಗ್ಲಿಕ್ಕೆ ಆಗ್ದೇ ಕರೆಂಟ್ ಎಳಿತಾ ಇದೆ, ಇಲ್ಲಾ ವಯರ್ ಎಲ್ಲೋ ಬಾಡಿಗೆ ತಾಗಿದೆ ಅಂತ ಫ್ಯೂಸ್ ಹೇಳ್ತಾ ಇದೆ, ಅದರ ಬಾಯಿ ಮುಚ್ಚಿಸಿದ್ರೆ ಆಮೇಲೆ ವಯರ್ ಮಾತಾಡ್ತದೆ. ಫ್ಯೂಸಿನ ತಂತಿ ಸರಿ ಇದ್ದು ಕಾಲು ಮಾತ್ರ ಕಂದಿ ಪ್ಲಾಸ್ಟಿಕ್ ಕರಗಿದ್ರೆ ಅದು ಬೇರೆ ಕಾಯಿಲೆ, ಫ್ಯೂಸ್ ಕೂರೋ ಸಾಕೆಟ್ ಸಡಿಲ ಆಗಿ ಅಲ್ಲಿ ಬಿಸಿ ಆಗ್ತಾ ಇದೆ ಅಂತ.

ರಿಲೇಗೆ ಸುಲಭ ಉಪಾಯ, ಅದೇ ನಂಬರಿನ ಅದೇ ಪಿನ್ನಿನ ಇನ್ನೊಂದು ರಿಲೇ, ಹಾರ್ನಿಂದೋ ಯಾವುದೋ, ಅದಲು ಬದಲು ಮಾಡಿ ನೋಡೋದು. ಟಿಕ್ ಅಂತ ಸದ್ದು ಬಂತು ರಿಲೇ ಸರಿ ಇದೆ ಅಂತ ತೀರ್ಮಾನ ಮಾಡ್ಬೇಡಿ, ಟಿಕ್ ಅಂದ್ರೆ ಒಳಗಿನ ಕಾಯಿಲ್ ಎಳೀತು ಅಂತ ಅಷ್ಟೇ, ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದ್ರೂ ಟಿಕ್ ಅನ್ನೋದೇನು ಬಿಡೋದಿಲ್ಲ.

ಪ್ಲಗ್ ಹಾಕಿಟ್ಟೇ ನೋಡೋದು

ಈಗ ಬಂತು ನನ್ನ ಎರಡೂವರೆ ಸಾವಿರದ ಕತೆ. ಜುಲೈ ತಿಂಗಳು, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗ್ತಾ ಇದ್ದೆ, ಮಳೆ ಹೇಗೆ ಬರ್ತಿತ್ತು ಅಂತ ಆ ಘಟ್ಟ ಹತ್ತಿದೋರಿಗೆ ಹೇಳೋದೇ ಬೇಡ. ಒಳಗೆ ನಾಲ್ಕು ಜನರ ಉಸಿರಿಗೆ ಗ್ಲಾಸ್ ಬೆಳ್ಳಗೆ ಮಂಜು ಕಟ್ತು, ಬ್ಲೋವರ್ 4ಕ್ಕೆ ಹಾಕಿದ್ರೂ ಅಜ್ಜ ಊದಿದ ಹಾಗೆ ಗಾಳಿ. ಪಕ್ಕದಲ್ಲಿ ಕೂತೋಳು ಟವೆಲಲ್ಲಿ ಒರೆಸ್ತಾ, ನಾನು ಕಿಟಕಿ ಎರಡು ಬೆರಳು ಇಳಿಸ್ಕೊಂಡು ಒಂದೊಂದು ತಿರುವೂ ಹಾರ್ನ್ ಹೊಡಿತಾ ಹತ್ತಿದ್ದು. ವಾಪಸ್ ಬಂದು ಗ್ಯಾರೇಜಿಗೆ ಕೊಟ್ಟೆ. ಹುಡುಗ ಪ್ಲಗ್ ತೆಗೆದ, ಮೀಟರ್ ಇಟ್ಟ, 12.2 ತೋರಿಸ್ತು, ನೋಡಿ ಅಣ್ಣಾ ಕರೆಂಟ್ ಫುಲ್ ಬರ್ತಾ ಇದೆ, ಮೋಟರೇ ಹೋಗಿದ್ದು ಅಂದ. ಕಣ್ಣಾರೆ ಕಂಡೆ, ಹೌದು ಅಂದೆ, ದುಡ್ಡು ಕೊಟ್ಟೆ. ಹೊಸ ಮೋಟರ್ ಹಾಕಿದ ಮೇಲೆ ಗಾಳಿಯೂ ಬಂತು ಮತ್ತೆ, ಅಲ್ಲೇ ನಾವು ಇಬ್ರೂ ಬಿದ್ದಿದ್ದು.

ತಪ್ಪು ಆ ಹುಡುಗಂದು ಒಬ್ಬಂದೇ ಅಲ್ಲ, ಎಲ್ರೂ ಹಾಗೇ ನೋಡೋದು. ಪ್ಲಗ್ ತೆಗೆದಾಗ ಮೀಟರ್ ಎಳೆಯೋ ಕರೆಂಟ್ ಇಲ್ಲ ಅನ್ನುವಷ್ಟು ಕಮ್ಮಿ. ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದೋರಿಗೆ ಇದು ತಟ್ಟನೆ ಗೊತ್ತಾಗ್ತದೆ, ಎಲ್ಲಾ ವಾಲ್ವ್ ಬಂದ್ ಇದ್ದಾಗ ಪೈಪಿನ ಗೇಜಲ್ಲಿ ಪ್ರೆಶರ್ ಫುಲ್ ತೋರಿಸ್ತದೆ, ಮಧ್ಯ ಪೈಪಲ್ಲಿ ಬೇರು ಹೊಕ್ಕಿ ಅರ್ಧ ಕಟ್ಟಿದ್ರೂ ತೋರಿಸ್ತದೆ, ವಾಲ್ವ್ ಬಿಟ್ಟಾಗ ತಾನೇ ಬಣ್ಣ ಬಯಲಾಗೋದು. ತುಕ್ಕು ಹಿಡಿದ ಕಡೆ ಬರೀ ಅರ್ಧ ಓಮ್ ಅಡ್ಡಿ ಇದ್ರೂ 9 ಆಂಪಿಯರ್ ಹರಿವಾಗ ಅಲ್ಲೇ ನಾಲ್ಕೂವರೆ ವೋಲ್ಟ್ ತಿಂದು ಹಾಕ್ತದೆ, ಮೀಟರಿನ ಚೂರು ಕರೆಂಟಿಗೆ ಏನೂ ತಿನ್ನೋದಿಲ್ಲ. ಓಮ್ ಅಳೆದು ಹಿಡೀತೇನೆ ಅಂದ್ರೂ ಕಷ್ಟ, ಅಗ್ಗದ ಮೀಟರಿನ ಎರಡು ವಯರ್ ಒಂದಕ್ಕೊಂದು ಮುಟ್ಟಿಸಿದ್ರೇ 0.2, 0.3 ತೋರಿಸ್ತದೆ, ಅದ್ರಲ್ಲಿ ಯಾವುದು ತುಕ್ಕು ಯಾವುದು ವಯರು.

ಹಾಗಾಗಿ ಪ್ಲಗ್ ಹಾಕಿಯೇ ಇರ್ಲಿ. ಪ್ಲಗ್ಗಿನ ಹಿಂಬದಿಯಿಂದ ವಯರಿನ ಪಕ್ಕದಲ್ಲೇ ಸೂಜಿ ನಿಧಾನ ಒಳಗೆ ಜಾರಿಸಿ, ಪಿನ್ನಿಗೆ ತಾಗ್ತದೆ, ಎರಡು ವಯರಿಗೂ ಒಂದೊಂದು, ಸೂಜಿ ಒಂದಕ್ಕೊಂದು ತಾಗ್ಬಾರ್ದು. ವಯರಿನ ಮೇಲಿನ ಪ್ಲಾಸ್ಟಿಕ್ ಚುಚ್ಚೋ ಅಭ್ಯಾಸ ನಮ್ಮ ಕರಾವಳಿಯಲ್ಲಿ ಬೇಡ, ಆ ತೂತಲ್ಲಿ ಉಪ್ಪುಗಾಳಿ ಹೊಕ್ಕು ಆರು ತಿಂಗಳಿಗೆ ತಾಮ್ರ ಹಸಿರು ಪುಡಿ ಆಗ್ತದೆ. ಕೀ ಆನ್, ಬ್ಲೋವರ್ ಫುಲ್ ಸ್ಪೀಡಿಗೆ. ಫುಲ್ಲೇ ಯಾಕೆ ಅಂದ್ರೆ ಕಮ್ಮಿ ಸ್ಪೀಡಲ್ಲಿ ರೆಸಿಸ್ಟರ್ ಬೇಕಂತಲೇ ವೋಲ್ಟ್ ತಿಂತದೆ, ಅದನ್ನ ದೋಷ ಅಂತ ತಿಳ್ಕೊಂಡ್ರೆ ಇಡೀ ದಿನ ಹೋಗ್ತದೆ.

ಮೊದ್ಲು ಬ್ಯಾಟರಿ ತಲೆ ಮೇಲೇ ಅಳೆದು ಬರ್ಕೊಳ್ಳಿ. ನಂದು 12.1 ಇತ್ತು, ಬ್ಲೋವರ್ ಓಡ್ತಾ ಇರುವಾಗ. ಆಮೇಲೆ ಎರಡು ಸೂಜಿ ಮಧ್ಯ ಅಳೆದೆ, ಬಂದದ್ದು 7.4. ಅಂದ್ರೆ ಮೋಟರ್ ಪಾಪ ಏಳು ವೋಲ್ಟಲ್ಲಿ ಕೆಲ್ಸ ಮಾಡ್ತಿತ್ತು, ಗಾಳಿ ಎಲ್ಲಿಂದ ಬರ್ಬೇಕು. ಉಳಿದ ನಾಲ್ಕು ಚಿಲ್ಲರೆ ವೋಲ್ಟ್ ಎಲ್ಲಿ ಹೋಯ್ತು ಅಂತ ಹುಡುಕ್ಲಿಕ್ಕೆ ಮೀಟರಿನ ಕಪ್ಪು ವಯರಿಗೆ ಒಂದು ಉದ್ದ ವಯರ್ ಕಟ್ಟಿ ಬ್ಯಾಟರಿ ಮೈನಸ್ಸಿಗೆ ಸಿಕ್ಕಿಸಿದೆ. ಮೀಟರಿನ ಕೆಂಪು ವಯರ್ ಮೋಟರಿನ ಪ್ಲಸ್ ಸೂಜಿಗೆ ಇಟ್ರೆ 11.9, ಅಂದ್ರೆ ಫ್ಯೂಸ್ ರಿಲೇ ಆ ಕಡೆ ದಾರಿ ಎಲ್ಲಾ ಚೊಕ್ಕ. ಕೆಂಪು ವಯರ್ ಮೋಟರಿನ ಮೈನಸ್ ಸೂಜಿಗೆ ಇಟ್ರೆ 4.5. ಫುಲ್ ಸ್ಪೀಡಲ್ಲಿ ಅಲ್ಲಿ ಅರ್ಧ ವೋಲ್ಟಿಗಿಂತ ಕಮ್ಮಿ ಇರ್ಬೇಕು. ಕಳ್ಳ ಅರ್ಥಿಂಗ್ ಕಡೆಯೇ ಅಂತ ಆಯ್ತು.

ಅಲ್ಲಿಂದ ಮುಂದೆ ಬರೀ ಹೆಜ್ಜೆ ಹೆಜ್ಜೆ ನಡೆಯೋದು. ಕೆಂಪು ವಯರ್ ರೆಸಿಸ್ಟರ್ ಪ್ಲಗ್ಗಿಗೆ, 4.5. ಸ್ವಿಚ್ಚಿನ ಹಿಂದೆ ಒಳಗೆ ಬರೋ ವಯರಿಗೆ, ಅಲ್ಲೂ 4.5. ಸ್ವಿಚ್ಚಿಂದ ಹೊರಗೆ ಹೋಗೋ ಕಪ್ಪು ವಯರಿಗೆ, 4.4. ಆ ಕಪ್ಪು ವಯರ್ ಎಡಗಡೆ ಕಾಲು ಇಡೋ ಜಾಗದ ಪಕ್ಕದ ಪ್ಲಾಸ್ಟಿಕ್ ಪಟ್ಟಿ ಹಿಂದೆ ಒಂದು ಬೋಲ್ಟಿಗೆ ಬಂದು ಸೇರ್ತದೆ, ವಯರಿನ ತುದಿಯ ಉಂಗುರದ ಮೇಲೆ 4.4, ಅರ್ಧ ಇಂಚು ಪಕ್ಕದ ಬೋಳು ತಗಡಿನ ಮೇಲೆ ಸೊನ್ನೆ. ಆ ಅರ್ಧ ಇಂಚಲ್ಲೇ ಇತ್ತು ನೋಡಿ ಎಲ್ಲಾ. ಬೋಲ್ಟ್ ಕೈಯಲ್ಲಿ ಮುಟ್ಟಿದೆ, ಚುರ್ ಅಂತು. ಲೆಕ್ಕ ಹಾಕಿದ್ರೆ ಅಲ್ಲಿ ಮೂವತ್ತೈದು ನಲವತ್ತು ವಾಟ್ ಸುಡ್ತಾ ಇತ್ತು, ಒಂದು ಸಣ್ಣ ಸೋಲ್ಡರಿಂಗ್ ಕಡ್ಡಿಯಷ್ಟು. ಬಿಚ್ಚಿ ನೋಡಿದ್ರೆ ಉಂಗುರದ ಕೆಳಗೆ ಕಂದು ತುಕ್ಕಿನ ಪದರ, ಉಂಗುರದ ಅಂಚಲ್ಲಿ ಹಸಿರು ಕಿಲುಬು, ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರು ಬಿಟ್ಟಾಗ ಆಗ್ತದಲ್ಲ ಅದೇ ಬಣ್ಣ. ಹೊಸ ಮೋಟರ್ ಹಾಕುವಾಗ ಮೂರು ವಾರ ಸರಿ ಆಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು, ಆ ಹುಡುಗನ ಮೊಣಕೈ ಆ ವಯರಿಗೆ ತಾಗಿ ಉಂಗುರ ಚೂರು ತಿರುಗಿ ಹೊಸ ಜಾಗದಲ್ಲಿ ಮುಟ್ಟಿತ್ತು.

ಸ್ಯಾಂಡ್ ಪೇಪರಲ್ಲಿ ತಗಡು ಬೆಳ್ಳಗೆ ಕಾಣೋ ತನಕ ಉಜ್ಜಿ, ಉಂಗುರ ಉಜ್ಜಿ, ಬಿಗಿ ಮಾಡಿ, ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಮೆತ್ತಿದೆ. ಜೆಲ್ಲಿ ಬಿಗಿ ಮಾಡಿದ ಮೇಲೆ ಮೆತ್ತೋದು, ಅದು ಗಾಳಿ ನೀರು ತಡಿಲಿಕ್ಕೆ. ಮತ್ತೆ ಅಳೆದೆ, ಪ್ಲಸ್ ಕಡೆ 11.8, ಮೈನಸ್ ಕಡೆ 0.2, ಮೋಟರಿಗೆ 11.6 ಸಿಗ್ತಾ ಇದೆ. ಡ್ಯಾಶ್‌ಬೋರ್ಡ್ ಮೇಲಿದ್ದ ಪೆಟ್ರೋಲ್ ಬಿಲ್ಲುಗಳೆಲ್ಲಾ ಹಾರಿ ಹಿಂದಿನ ಸೀಟಿಗೆ ಬಂದ್ವು.

ಇದೇ ಅಳತೆಯಲ್ಲಿ ಮೋಟರಿನ ಎರಡು ಪಿನ್ ಮಧ್ಯ ಪ್ಲಗ್ ಹಾಕಿದ್ದಾಗಲೇ 11.5, 12 ಬರ್ತಾ ಇದ್ದು ಮೋಟರ್ ಸುಮ್ನೆ ಕೂತಿದ್ರೆ ಆಗ ಹೇಳಿ ಮೋಟರ್ ಹೋಗಿದೆ ಅಂತ, ನಾನೂ ಒಪ್ತೇನೆ. ಆದ್ರೆ ಮೋಟರಿನ ಒಳಗೆ ತಂತಿಯೇ ಕಡಿದಿದ್ರೆ, ಬ್ರಷ್ ಪೂರ್ತಿ ಸವೆದಿದ್ರೆ, ಕರೆಂಟ್ ಹರಿಯೋದೇ ಇಲ್ಲ, ಆಗ ಪ್ಲಗ್ ಹಾಕಿಟ್ಟು ನೋಡಿದ್ರೂ ಕೆಟ್ಟ ಅರ್ಥಿಂಗೂ ಒಳ್ಳೇದರ ಹಾಗೆ ಕಾಣ್ತದೆ. ಅದಕ್ಕೇ ಆ ಹೆಡ್‌ಲೈಟ್ ಬಲ್ಬು. ಮೋಟರ್ ಬದಲು ಪ್ಲಗ್ಗಿಗೆ ಬಲ್ಬ್ ಕಟ್ಟಿ, 55 ವಾಟಿನ ಫಿಲಮೆಂಟ್ ನಾಲ್ಕೂವರೆ ಆಂಪಿಯರ್ ಎಳಿತದೆ, ಬೆಳ್ಳಗೆ ಕಣ್ಣು ಕುಕ್ಕೋ ಹಾಗೆ ಉರಿದ್ರೆ ದಾರಿ ಸರಿ ಇದೆ, ಕೆಂಪಗೆ ಮಿಣಿ ಮಿಣಿ ಅಂದ್ರೆ ದಾರಿಯಲ್ಲೇ ಅಡ್ಡಿ. ಗಾಜು ಬೇಗ ಸುಡ್ತದೆ, ಮ್ಯಾಟ್ ಮೇಲೆ ಇಡ್ಬೇಡಿ. ಈ ಬಲ್ಬಿನ ಆಟ ಮೋಟರಿನ ದಪ್ಪ ವಯರಿಗೆ ಮಾತ್ರ, ಕಂಪ್ಯೂಟರಿಂದ ಬರೋ ಸಣ್ಣ ಸಿಗ್ನಲ್ ವಯರಿಗೆ ಕಟ್ಟಿದ್ರೆ ಎರಡೂವರೆ ಸಾವಿರ ಅಲ್ಲ, ಇನ್ನೊಂದು ಸೊನ್ನೆ ಸೇರ್ತದೆ.

ರೆಸಿಸ್ಟರ್

ಗಾಳಿ ಹೋಗೋ ದಾರಿಯಲ್ಲೇ ಇದನ್ನ ಕೂರ್ಸಿರ್ತಾರೆ, ಆ ಗಾಳಿಯಲ್ಲೇ ತಣ್ಣಗಾಗ್ಲಿ ಅಂತ. ಎರಡು ಸ್ಕ್ರೂ ಅಷ್ಟೇ. ಅದ್ರಲ್ಲಿ ಒಂದು ಥರ್ಮಲ್ ಫ್ಯೂಸ್ ಇರ್ತದೆ, ಬಿಸಿ ಮೀರಿದ್ರೆ ಕಡಿದು ಹೋಗ್ತದೆ, ಅದು ಹೋದ್ರೆ 4 ಬಿಟ್ಟು ಬಾಕಿ ಎಲ್ಲಾ ಬಂದ್. ಅದಕ್ಕೆ ಅಡ್ಡ ವಯರ್ ಬೆಸುಗೆ ಹಾಕಿ ಕೊಡೋರು ಇದ್ದಾರೆ, ಡ್ಯಾಶ್‌ಬೋರ್ಡ್ ಒಳಗೆ ಎಲೆ ಕಸ ಪ್ಲಾಸ್ಟಿಕ್ ಎಲ್ಲಾ ಇರೋ ಜಾಗದಲ್ಲಿ ಕೆಂಡ ಇಟ್ಟ ಹಾಗೆ ಅದು, ಒಪ್ಪಬೇಡಿ. ಹೊಸ ರೆಸಿಸ್ಟರ್ ಹಾಕೋ ಮೊದ್ಲು ಹಳೇದು ಸುಟ್ಟಿದ್ದು ಯಾಕೆ ಅಂತ ನೋಡಿ, ಫಿಲ್ಟರ್ ಕಟ್ಟಿ ತಣ್ಣಗಾಗ್ಲಿಕ್ಕೆ ಗಾಳಿ ಸಿಗ್ಲಿಲ್ವಾ, ಮೋಟರ್ ಬಿಗಿಯಾಗಿ ಜಾಸ್ತಿ ಕರೆಂಟ್ ಎಳಿತಾ ಇದ್ಯಾ. ಪ್ಲಗ್ ಕರಗಿದ್ರೆ ಪ್ಲಗ್ಗೂ ಹೊಸದೇ ಹಾಕ್ಬೇಕು, ಕರಗಿದ ಪ್ಲಗ್ಗಿಗೆ ಹೊಸ ರೆಸಿಸ್ಟರ್ ಚುಚ್ಚಿದ್ರೆ ಅದೂ ಅದೇ ದಾರಿ ಹಿಡಿತದೆ.

ಭಾವನ ಕಾರು, ಆಟೋ ಕ್ಲೈಮೇಟ್

ಭಾವಂದು ಶಿರಸಿ ಹತ್ರ ಹಳ್ಳಿ, ಕಾರು ನಿಲ್ಸೋದು ಅಡಿಕೆ ಅಂಗಳದ ಪಕ್ಕದ ಕೊಟ್ಟಿಗೆಯಲ್ಲಿ. ಒಂದು ದಿನ ಫೋನು, "ಎಸಿ ಸತ್ತೇ ಹೋಜು ಮಾರಾಯ, ಗಾಳಿನೇ ಬತ್ತಿಲ್ಲೆ. ಗ್ಯಾಸ್ ಖಾಲಿ ಆಜು ಹೇಳಿ ಒಬ್ಬ ಹೇಳ್ದ." ಗ್ಯಾಸಿಗೆ ಕೈ ಹಾಕ್ಬೇಡ ಭಾವ, ಭಾನುವಾರ ನಾನೇ ಬರ್ತೆ ಅಂದೆ.

ಹೋಗಿ ನೋಡಿದ್ರೆ ಫ್ಯೂಸ್ ಸುಟ್ಟಿದೆ. ಹೊಸದು ಹಾಕೋ ಮೊದ್ಲು ಗ್ಲೋವ್ ಬಾಕ್ಸ್ ಬಿಚ್ಚಿ ಕ್ಯಾಬಿನ್ ಫಿಲ್ಟರ್ ಎಳೆದೆ, ಫಿಲ್ಟರಿಗೆ ಮುಷ್ಟಿ ಗಾತ್ರದ ತೂತು. ಮೋಟರಿನ ಮೂರು ಸ್ಕ್ರೂ ತೆಗೆದು ಕೆಳಗೆ ಇಳಿಸಿದ್ರೆ ಚಕ್ರದ ಒಳಗೆ ಇಲಿ ಬಾಣಂತನ ಮಾಡಿದೆ. ಅಡಿಕೆ ಸಿಪ್ಪೆ ನಾರು, ಬಾಳೆ ನಾರು, ಫಿಲ್ಟರಿನ ಹತ್ತಿ, ಯಾವುದೋ ಮದುವೆ ಕರೆಯೋಲೆಯ ಕೆಂಪು ಚೂರು, ಮಕ್ಕಳ ಚಾಕಲೇಟ್ ಕಾಗದ. ಕೈಯಲ್ಲಿ ತಿರುಗಿಸಿದ್ರೂ ಚಕ್ರ ಅಲ್ಲಾಡ್ಲಿಲ್ಲ. ಇಂಥದ್ದಕ್ಕೆ ಬರಿಗೈ ಹಾಕ್ಬೇಡಿ, ಗ್ಲೌಸು, ಮೂಗಿಗೆ ಬಟ್ಟೆ, ಇಲಿ ಉಚ್ಚೆಯಿಂದ ಇಲಿಜ್ವರ ಬರ್ತದೆ, ನಮ್ಮ ಜಿಲ್ಲೆಯೋರಿಗೆ ಅದರ ಹೆಸರು ಹೊಸದಲ್ಲ.

ಗೂಡು ತೆಗೆದು ತೊಳೆದು ಒಣಗಿಸಿ ಮೋಟರ್ ಹಾಕಿ ಹೊಸ ಫ್ಯೂಸ್ ಹಾಕಿದೆ. ಈಗ ಬೇರೆಯೇ ರಗಳೆ, ಕೀ ಆನ್ ಮಾಡಿದ ಕೂಡ್ಲೆ ಬ್ಲೋವರ್ ಫುಲ್ ಸ್ಪೀಡಲ್ಲಿ ಹೊಡಿತಾ ಇದೆ, ಪ್ಯಾನೆಲಲ್ಲಿ ಒಂದು ಕಡ್ಡಿ ತೋರಿಸಿದ್ರೂ ಫುಲ್ಲು, ಆಫ್ ಒತ್ತಿದ್ರೂ ಫುಲ್ಲು. ಚಕ್ರ ಸಿಕ್ಕಿ ಹಾಕ್ಕೊಂಡಾಗ ಹರಿದ ಕರೆಂಟಿಗೆ ಮಾಡ್ಯೂಲ್ ಒಳಗಿನ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಕೂತಿದೆ. ಖಾತ್ರಿ ಮಾಡ್ಲಿಕ್ಕೆ ಮಾಡ್ಯೂಲಿಗೆ ಹೋಗೋ ಸಣ್ಣ ಸಿಗ್ನಲ್ ವಯರಲ್ಲಿ ಮೀಟರ್ ಇಟ್ಟು ಭಾವನ ಹತ್ರ ಸ್ಪೀಡ್ ಒಂದೊಂದಾಗಿ ಏರ್ಸು ಅಂದೆ, ವೋಲ್ಟ್ ಮೆಟ್ಟಿಲು ಮೆಟ್ಟಿಲಾಗಿ ಬದಲಾಗ್ತಾ ಇತ್ತು, ಅಂದ್ರೆ ಪ್ಯಾನೆಲ್ ಹೇಳ್ತಾ ಇದೆ, ಮಾಡ್ಯೂಲ್ ಕೇಳ್ತಾ ಇಲ್ಲ. ಸಿಗ್ನಲ್ ಬದಲೇ ಆಗದಿದ್ರೆ ಆಗ ಪ್ಯಾನೆಲ್ ಇಲ್ಲಾ ಮಧ್ಯದ ವಯರ್ ಮೇಲೆ ಅನುಮಾನ. ಯಾವ ವಯರ್ ಸಿಗ್ನಲ್ಲು, ಸ್ಪೀಡ್ ಏರಿದ್ರೆ ವೋಲ್ಟ್ ಏರ್ತದಾ ಇಳಿತದಾ ಅನ್ನೋದು ಕಾರಿಂದ ಕಾರಿಗೆ ಬೇರೆ, ಆ ಕಾರಿನ ವಯರಿಂಗ್ ಚಿತ್ರ ನೋಡ್ದೇ ಚುಚ್ಚಬೇಡಿ. ಮತ್ತೆ ಆಟೋ ಮೋಡಲ್ಲಿ ಇಟ್ಟು ಟೆಸ್ಟ್ ಮಾಡ್ಬೇಡಿ, ಬೆಳಿಗ್ಗೆ ತಣ್ಣಗಿನ ಎಂಜಿನ್ನಿಗೆ ಹೀಟರ್ ಹಾಕಿದ್ರೆ ನೀರು ಬಿಸಿ ಆಗೋ ತನಕ ಬೇಕಂತಲೇ ಗಾಳಿ ಕಮ್ಮಿ ಬಿಡೋ ಕಾರುಗಳಿವೆ, ಅದು ದೋಷ ಅಲ್ಲ.

ಹೊರಗಡೆ ವೈಪರ್ ಕೆಳಗಿನ ಜಾಲರಿ ಎತ್ತಿ ನೋಡಿದ್ರೆ ಹಲಸಿನ ಎಲೆ ಕೊಳೆತು ಗೊಬ್ಬರ. ಗಾಳಿ ಒಳಗೆ ಬರೋ ಬಾಯಿ ಅಲ್ಲೇ ಇರೋದು, ಮಳೆನೀರು ಇಳಿದು ಹೋಗೋ ತೂತೂ ಅಲ್ಲೇ, ಅದು ಕಟ್ಟಿದ್ರೆ ನೀರು ತುಂಬಿ ಸೀದಾ ಬ್ಲೋವರ್ ತಲೆ ಮೇಲೆ. ಎಡಗಡೆ ಮ್ಯಾಟ್ ಒದ್ದೆ ಆಗೋ ಕಾರಿನೋರು ಮೊದ್ಲು ಅಲ್ಲಿ ಕೈ ಹಾಕಿ.

ಮೋಟರನ್ನೇ ಹೊರಗೆ ತೆಗೆದು ನೋಡೋದಾದ್ರೆ

ಎರಡು ಪಿನ್ನಿನ ಮೋಟರ್ ಆದ್ರೆ ಮಾತ್ರ ಬ್ಯಾಟರಿಗೆ ಸೀದಾ ಕೊಡ್ಬಹುದು, ಮಧ್ಯ ಫ್ಯೂಸ್ ಇರೋ ವಯರಲ್ಲಿ. ಮೂರು ನಾಲ್ಕು ಪಿನ್ ಇದ್ರೆ ಒಳಗೇ ಎಲೆಕ್ಟ್ರಾನಿಕ್ಸ್ ಇರ್ತದೆ, ಸೀದಾ ಕೊಟ್ರೆ ಸುಡ್ತದೆ. ಕೊಡುವಾಗ ಮೊಣಕಾಲ ಮಧ್ಯ ಗಟ್ಟಿ ಹಿಡ್ಕೊಳ್ಳಿ, ಶುರುವಾಗುವಾಗ ಮೀನಿನ ಹಾಗೆ ಒದಿತದೆ. ಸುಮ್ನೆ ಇದ್ರೆ ಸ್ಕ್ರೂಡ್ರೈವರ್ ಹಿಡಿಯಲ್ಲಿ ಮೈಗೆ ಎರಡು ತಟ್ಟಿ, ತಟ್ಟಿದಾಗ ತಿರುಗಿದ್ರೆ ಬ್ರಷ್ ಮುಗೀತಾ ಬಂದಿದೆ. ಕೈಯಲ್ಲಿ ತಿರುಗಿಸ್ತಾ ಓಮ್ ನೋಡಿದ್ರೆ ಒಂದೆರಡು ಓಮ್ ಒಳಗೆ ಆಡ್ತಾ ಇರ್ಬೇಕು, ಕೆಲವು ಜಾಗದಲ್ಲಿ ಪೂರ್ತಿ ಕಡಿದ ಹಾಗೆ ತೋರಿಸಿದ್ರೆ ಒಳಗೆ ಕಮ್ಯುಟೇಟರೋ (ಬ್ರಷ್ ಉಜ್ಜೋ ತಾಮ್ರದ ಪಟ್ಟಿಗಳು) ಬ್ರಷ್ಷೋ ಕೆಟ್ಟಿದೆ.

ಘಟ್ಟದ ತಿರುವಲ್ಲಿ ಮಾತ್ರ ಗುಬ್ಬಿ ಮರಿ ಹಾಗೆ ಚಿಂವ್ ಚಿಂವ್ ಅನ್ನೋದು, ಸೀದಾ ರಸ್ತೆಯಲ್ಲಿ ಸುಮ್ನಿರೋದು ಆದ್ರೆ ಮೋಟರಿನ ಶಾಫ್ಟ್ ಕೂರೋ ಬುಶ್ ಒಣಗಿ ಸವೆದಿದೆ, ಕಾರು ವಾಲಿದಾಗ ಶಾಫ್ಟ್ ಒಂದು ಬದಿಗೆ ಒರಗ್ತದೆ. ಹೊಲಿಗೆ ಮಿಷನ್ ಎಣ್ಣೆ ಒಂದೇ ಹನಿ ಬಿಟ್ರೆ ಸ್ವಲ್ಪ ದಿನ ನಡೀತದೆ, ಕೊಬ್ಬರಿ ಎಣ್ಣೆ ಬೇಡ, ಅಂಟು ಕಟ್ತದೆ.

ಕರೆಂಟ್ ಅಳಿಬೇಕು ಅಂದ್ರೆ ಮಲ್ಟಿಮೀಟರಿನ 10 ಆಂಪಿಯರ್ ತೂತಿಗೆ ಕೈ ಹಾಕ್ಬೇಡಿ, ಫುಲ್ ಸ್ಪೀಡಲ್ಲಿ ಸಣ್ಣ ಕಾರಿನ ಬ್ಲೋವರೂ ಅದನ್ನ ದಾಟ್ಬಹುದು. ವಯರಿನ ಸುತ್ತ ಕಚ್ಚಿಸಿ ಅಳೆಯೋ ಕ್ಲ್ಯಾಂಪ್ ಮೀಟರ್ ತಗೊಳ್ಳೋದಾದ್ರೆ ಡಿಸಿ ಅಳಿತದಾ ಅಂತ ಕೇಳಿ ತಗೊಳ್ಳಿ, ಮನೆ ವಯರಿಂಗ್ ಮಾಡೋರ ಹತ್ರ ಇರೋದು ಹೆಚ್ಚಾಗಿ ಮನೆಗೆ ಬರೋ ಎಸಿ (ಆಲ್ಟರ್ನೇಟಿಂಗ್) ಕರೆಂಟಿಗೆ ಮಾತ್ರ.

ಇನ್ನೊಂದು ಮಜಾ ವಿಷ್ಯ, ರಿಪೇರಿ ಮಾಡಿದೋರು ಎರಡು ವಯರ್ ಅದಲು ಬದಲು ಕೂಡಿಸಿದ್ರೆ ಮೋಟರ್ ಉಲ್ಟಾ ತಿರುಗ್ತದೆ, ಆದ್ರೆ ಗಾಳಿ ಹೊರಗೇ ಬರ್ತದೆ, ಒಳಗೆ ಎಳೆಯೋದಿಲ್ಲ, ಈ ಪಂಜರದ ಫ್ಯಾನಿನ ಗುಣವೇ ಹಾಗೆ. ಗಾಳಿ ಮಾತ್ರ ತೀರಾ ಕಮ್ಮಿ. ವೋಲ್ಟೇಜ್ ಎಲ್ಲಾ ಸರಿ, ಫಿಲ್ಟರ್ ಹೊಸದು, ಆದ್ರೂ ಗಾಳಿ ಸಾಲ್ದು ಅಂತ ತಲೆ ಕೆರ್ಕೊಳ್ತಾ ಇದ್ರೆ ತಿರುಗೋ ದಿಕ್ಕು ನೋಡಿ.

ಎಲ್ಲಾ ಜೋಡಿಸಿದ ಮೇಲೆ ಹತ್ತು ನಿಮಿಷ ಫುಲ್ ಓಡಿಸಿ ಪ್ಲಗ್ಗು, ಫ್ಯೂಸು, ಅರ್ಥಿಂಗ್ ಬೋಲ್ಟು ಮೂರನ್ನೂ ಮುಟ್ಟಿ ನೋಡಿ. ಬೆಚ್ಚಗಿದ್ರೆ ಅಡ್ಡಿಯಿಲ್ಲ, ಬೆರಳು ಇಡ್ಲಿಕ್ಕೆ ಆಗದಷ್ಟು ಬಿಸಿ ಇದ್ರೆ ಅಲ್ಲಿ ಇನ್ನೂ ಬಾಕಿ ಇದೆ, ಬಿಚ್ಚಿ ಮತ್ತೆ ಉಜ್ಜಿ.

ಭಾವನ ಕಾರಿಗೆ ಮಾಡ್ಯೂಲ್ ಬರ್ಲಿಕ್ಕೆ ನಾಲ್ಕು ದಿನ ಆಯ್ತು, ಹಾಕ್ಲಿಕ್ಕೆ ಹತ್ತು ನಿಮಿಷ. ಕೊಟ್ಟಿಗೆಯಲ್ಲಿ ಈಗ ಎರಡು ಇಲಿಬೋನು ಇಟ್ಟಿದ್ದಾನೆ. ಹೊರಡುವಾಗ ಕೇಳ್ದ, "ನಿನ್ನ ಅಟ್ಟದ ಮೇಲೆ ಆ ಹಳೇ ಮೋಟರ್ ಇದ್ದಲಾ, ಅದ್ನ ಯಂಗೆ ಕೊಡು." ಕೊಟ್ಟೆ. ಮಳೆಗಾಲಕ್ಕೆ ಹಸಿ ಸೌದೆ ಹತ್ತೋದಿಲ್ಲ ಅಂತ ಒಂದು ಹಳೇ ಬೈಕ್ ಬ್ಯಾಟರಿ, ತಗಡಿನ ಡಬ್ಬಿ, ಒಂದು ಮೊಳ ಕಬ್ಬಿಣದ ಪೈಪು ಸೇರ್ಸಿ ಈಗ ಅವರ ಮನೆ ಬಚ್ಚಲ ಒಲೆ ಊದೋದು ಅದೇ ಮೋಟರು.